ನಡುಗೆರೆಯ ದನಿ

"ಒಬ್ಬ ಮನಷ್ಯಾ ಯಾರಿಗೂ ಬೈದಿಲ್ಲ, ಯಾರಿಗೂ ಬಡದಿಲ್ಲ. ಸುಮ್ಮನ ಕುಂತಾನ, ಅಷ್ಟ. ಅದೂ ತಪ್ಪ ಆಗತದೇನ್ರಿ, ಅಪ್ಪಾರ?"

ಕೇಳಿದವನು ಸಂಗಯ್ಯ, ಮಠಕ್ಕೆ ಓದಲು ಬಂದು ಆರು ವರ್ಷವಾದ ಶಿಷ್ಯ. ಹಿಂದಿನ ದಿನ ಮಠದ ಸಭೆಯಲ್ಲಿ ಅವನ ಜೊತೆಯ ಗುರುಪಾದ ಪ್ರವಚನಕ್ಕೆ ನಿಂತು ನಡುವೆ ಮಾತು ಮರೆತಿದ್ದ. ಮರೆತಾಗಲೆಲ್ಲ ಮುಂದಿನ ಸಾಲಿನಲ್ಲಿ ಕುಳಿತ ಸಂಗಯ್ಯ ತುಟಿಯಲ್ಲೇ ಆಡಿ ತೋರಿಸುವ ಮಾತು ನೋಡಿಕೊಳ್ಳುವುದು ಅವನ ರೂಢಿ. ನಿನ್ನೆಯೂ ನೋಡಿದ. ಸಂಗಯ್ಯನ ತುಟಿ ಅಲುಗಲಿಲ್ಲ. ಯಾಕೆ ಅಲುಗಲಿಲ್ಲ ಎಂಬುದು ಸಂಗಯ್ಯನೊಬ್ಬನಿಗೇ ಗೊತ್ತಿತ್ತು. ಸಭೆ ನಕ್ಕಿತು. ಗುರುಪಾದ ವೇದಿಕೆ ಇಳಿದು ಬಂದು, ಈ ವಿದ್ಯೆ ತನಗೆ ಒಲಿಯುವುದಿಲ್ಲ, ನಾಡಿದ್ದು ಮುಂಜಾನೆಯ ಬಸ್ಸಿಗೆ ಊರಿಗೆ ಹೋಗುತ್ತೇನೆ ಎಂದ. ಈಗ ತನ್ನ ಕೋಣೆಯಲ್ಲಿ ಕೂತು ಗಂಟು ಕಟ್ಟುತ್ತಿದ್ದ.

ಇದಾವುದನ್ನೂ ಸಂಗಯ್ಯ ಗುರುಗಳ ಮುಂದೆ ಎತ್ತಲಿಲ್ಲ. ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿದ. ದಾಸೋಹದ ಜೋಳ ಹಸನು ಮಾಡುತ್ತ ಕೂತಿದ್ದ ಗುರುಗಳೂ ಆ ಮನುಷ್ಯ ಯಾರು, ಎಲ್ಲಿಯವನು ಎಂದು ವಿಚಾರಿಸಲಿಲ್ಲ. ಮೊರದ ಮೇಲಿನ ಕಣ್ಣು ತೆಗೆಯದೆ ಈ ಕತೆ ಹೇಳಿದರು.

ಒಂದು ಪಟ್ಟಣದ ಉಳ್ಳಾಗಡ್ಡಿ ಪೇಟೆಯಲ್ಲಿ ಹರಾಜು ಕೂಗುವವನೊಬ್ಬನಿದ್ದ. ದೇವರು ಅವನಿಗೆ ಹೊಲ ಕೊಟ್ಟಿರಲಿಲ್ಲ, ಓದು ಕೊಟ್ಟಿರಲಿಲ್ಲ, ರೂಪ ಕೊಡುವಾಗಲಂತೂ ಕೈ ಬಿಗಿ ಹಿಡಿದಿದ್ದ. ದನಿಯೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಪೇಟೆಯ ಈ ತುದಿಯಲ್ಲಿ ನಿಂತು 'ಒಂದು ಸಾರಿ' ಎಂದನೆಂದರೆ ಆ ತುದಿಯಲ್ಲಿ ಚಹಾ ಕುಡಿಯುವವರು ಕಪ್ಪು ಕೆಳಗಿಡುತ್ತಿದ್ದರು.

ಆ ಪಟ್ಟಣಕ್ಕೆ ಒಂದು ಕಬಡ್ಡಿ ತಂಡವಿತ್ತು. ಸಂಬಳ ಪಡೆದು ಆಡುವವರ ತಂಡ. ಅಂಥ ಹತ್ತು ಪಟ್ಟಣಗಳ ಹತ್ತು ತಂಡಗಳು ದೀಪಾವಳಿಯಿಂದ ಶಿವರಾತ್ರಿಯವರೆಗೆ ವಾರಕ್ಕೊಂದು ಆಟ ಆಡುತ್ತಿದ್ದವು. ಹರಾಜಿನವನಿಗೆ ಆ ನಾಲ್ಕು ತಿಂಗಳೇ ವರ್ಷ, ಉಳಿದ ಎಂಟು ತಿಂಗಳು ಅದರ ಕಾಯುವಿಕೆ. ಆಟ ಪರ ಊರಲ್ಲಿದ್ದರೆ ಉಳ್ಳಾಗಡ್ಡಿ ಲಾರಿಯ ಖಾಲಿ ಚೀಲಗಳ ಮೇಲೆ ಮಲಗಿ ಹೋಗಿ ಬರುತ್ತಿದ್ದ. ತಂಡ ಗೆದ್ದ ವಾರ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಸೋತ ವಾರ ಹೆಂಡತಿ ಮಾಡಿದ ಪಲ್ಯಕ್ಕೆ ಉಪ್ಪು ಸಾಲದು ಎನ್ನುತ್ತಿದ್ದ. ಅವಳು ನೆರೆಯವರಿಗೆ ಹೇಳುತ್ತಿದ್ದಳು: "ಆಡಾವ್ರು ಏಳ ಮಂದಿ, ತೇಕಾವ ನನ್ನ ಗಂಡ."

ಒಂದು ವರ್ಷ ತಂಡಕ್ಕೆ ಹೊಸ ಆಟಗಾರನೊಬ್ಬ ಬಂದ. ಎದುರಿನವರ ಅಂಕಣಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಉಸಿರು ಬಿಡದೆ ನಡುಗೆರೆಗೆ ಮರಳುವುದು ಅವನ ಕೆಲಸ. ಬಲು ಚುರುಕು. ಆದರೆ ಒಂದು ಕೊರತೆಯಿತ್ತು. ಎದುರಿನ ಏಳು ಜನರ ಮೇಲೆ ಕಣ್ಣಿಟ್ಟು ಹಿಂದಕ್ಕೆ ಸರಿಯುವಾಗ ಬೆನ್ನ ಹಿಂದಿನ ಗೆರೆ ಎಷ್ಟು ದೂರವಿದೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಗೆರೆ ಹುಡುಕಲು ಕತ್ತು ತಿರುಗಿಸುತ್ತಿದ್ದ, ಅಷ್ಟರಲ್ಲಿ ಸಿಕ್ಕಿಬೀಳುತ್ತಿದ್ದ. ಮೊದಲ ಮೂರು ವಾರವೂ ತಂಡ ಸೋತಿತು.

ಹರಾಜಿನವನು ಯಾವಾಗಲೂ ನಡುಗೆರೆಯ ನೇರಕ್ಕೆ ಮೊದಲ ಸಾಲಿನಲ್ಲಿ ಕೂಡುತ್ತಿದ್ದ. ನಾಲ್ಕನೆಯ ವಾರ ಅವನಿಗೆ ತಡೆಯಲಾಗಲಿಲ್ಲ. ಆಟಗಾರ ಹಿಂದೆ ಸರಿಯುತ್ತಿದ್ದಾಗ ಪೇಟೆಯ ದನಿ ತೆಗೆದು ಹೆಜ್ಜೆಯ ಲೆಕ್ಕ ಕೂಗಿದ. ಮೂರು, ಎಂದ. ಎರಡು, ಎಂದ. ಮೂವರು ಬಂದು ಆಟಗಾರನ ಸೊಂಟ ಹಿಡಿದರು. ಒಂದು, ಎಂದ. ಆಟಗಾರ ಆ ದನಿಯನ್ನು ನಂಬಿ, ಹಿಂದೆ ನೋಡದೆ, ಅಂಗಾತ ಹಾರಿದ. ಅವನ ಬೆನ್ನು ಗೆರೆಯಾಚೆ ಬಿತ್ತು. ಹಿಡಿದ ಮೂವರೂ ಹೊರಗೆ ಹೋದರು.

ಆಟ ಮುಗಿದ ಮೇಲೆ ಆಟಗಾರ ಆ ದನಿ ಯಾರದೆಂದು ಹುಡುಕಿ, ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದ. ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಅಂದಿನಿಂದ ಪ್ರತಿ ವಾರ ಇವನು ಕೂಗುವುದು, ಅವನು ಹಾರುವುದು. ತಂಡ ಗೆಲ್ಲುತ್ತ ಹೋಯಿತು.

ಮನುಷ್ಯನಿಗೆ ಒಳ್ಳೆಯ ಕೆಲಸ ಮಾಡುವುದು ಕಷ್ಟವಲ್ಲ, ಮಾಡಿ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಹರಾಜಿನವನು ಪೇಟೆಯಲ್ಲಿ "ಆಟ ಅವಂದು, ಗೆರಿ ನಂದು" ಎನ್ನತೊಡಗಿದ. ಪೇಟೆಯವರು ನಂಬಲಿಲ್ಲ. ಸಾವಿರ ಜನ ಅರಚುವಲ್ಲಿ ನಿನ್ನ ದನಿ ಅವನಿಗೆ ಕೇಳೀತೇ ಎಂದು ನಕ್ಕರು. ಕಾಯಿರಿ, ಒಂದು ದಿನ ಅವನ ಬಾಯಿಂದಲೇ ಕೇಳುವಿರಿ ಎಂದು ಇವನು ಮೀಸೆ ತಿರುವಿದ.

ಕೊನೆಯ ಆಟಕ್ಕೆ ತಂಡ ಏರಿತು. ಆಟವೂ ಅದೇ ಪಟ್ಟಣದಲ್ಲಿ. ಹಿಂದಿನ ದಿನ ಎರಡೂ ತಂಡಗಳನ್ನು ಕರೆದು ಪಟ್ಟಣದವರು ಸನ್ಮಾನ ಇಟ್ಟುಕೊಂಡರು. ಹರಾಜಿನವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಕುಳಿತ. ಆಟಗಾರ ಶಾಲು ಹೊದ್ದು ಮಾತಾಡಿದ. ಕಲಿಸಿದವನನ್ನು ನೆನೆದ, ತಾಯಿಯನ್ನು ನೆನೆದ, ರೊಟ್ಟಿ ಬಡಿದು ಹಾಕಿದವಳನ್ನು ನೆನೆದ, ತಂಡದ ಬಟ್ಟೆ ಒಗೆದವನನ್ನೂ ನೆನೆದ. ಮುಂದಿನ ಹೆಸರು ತನ್ನದೇ ಎಂದು ಹರಾಜಿನವನು ಏಳಲು ಧೋತರ ಸರಿಮಾಡಿಕೊಂಡ. ಆಟಗಾರ ಕೈಮುಗಿದು ಕೂತುಬಿಟ್ಟ.

ಪಕ್ಕದಲ್ಲಿದ್ದ ಪೇಟೆಯವನು ಮೊಣಕೈಯಿಂದ ತಿವಿದು, "ಬಟ್ಟಿ ಒಗದಾವನ ಹೆಸರೂ ಬಂತು. ನಿಂದ ಎಲ್ಲೈತೋ?" ಎಂದ.

ಆ ಮಾತು ಕರುಳಿಗೆ ನಾಟಿತು. ಹರಾಜಿನವನು ಉಣ್ಣದೆ ಮಲಗಿದ. ನಾಳೆ ನಾನಿಲ್ಲದೆ ಆಡಲಿ, ಆಗ ನಾನು ಯಾರೆಂದು ಗೊತ್ತಾಗುತ್ತದೆ, ಎಂದುಕೊಂಡ.

ಮರುದಿನ ಅವನು ಮನೆಯಲ್ಲೇ ಉಳಿದಿದ್ದರೆ ತಪ್ಪು ಅರ್ಧವಾದರೂ ಕಡಿಮೆಯಾಗುತ್ತಿತ್ತೇನೋ. ಹೋದ. ಅದೇ ಜಾಗದಲ್ಲಿ, ಆಟಗಾರನಿಗೆ ಕಾಣುವಂತೆ ಕುಳಿತ. ಬಾಯಿ ತೆರೆಯಲಿಲ್ಲ. ಆಟಗಾರ ಎರಡು ಸಲ ಸಿಕ್ಕಿಬಿದ್ದ. ಎರಡು ಸಲವೂ ಎದ್ದು ಇವನ ಕಡೆ ನೋಡಿದ. ಇವನು ಮೇಲೆ ಚಾವಣಿ ನೋಡಿದ.

ಕೊನೆಯ ದಾಳಿ. ಒಂದು ಅಂಕ ಹಿಂದೆ. ಆಟಗಾರ ನುಗ್ಗಿ ಹಿಂದೆ ಸರಿಯುವಾಗ ಇಬ್ಬರು ಅವನ ಕಾಲು ಹಿಡಿದರು. ಬೆನ್ನ ಹಿಂದೆ ಗೆರೆ ಒಂದೇ ಹೆಜ್ಜೆ ದೂರದಲ್ಲಿತ್ತು. 'ಒಂದು' ಎಂಬ ಮಾತು ಹರಾಜಿನವನ ನಾಲಿಗೆಯ ತುದಿಗೆ ಬಂತು. ಅವನು ಹಲ್ಲು ಕಚ್ಚಿದ. ದನಿ ಬರಲಿಲ್ಲವೆಂದ ಮೇಲೆ ಗೆರೆ ಇನ್ನೂ ದೂರವಿದೆಯೆಂದು ಬಗೆದು ಆಟಗಾರ ಹಿಂದಕ್ಕೆ ಹಾರಲಿಲ್ಲ. ಮುಂದಕ್ಕೆ ಬಾಗಿ ಕಾಲು ಬಿಡಿಸಿಕೊಳ್ಳಲು ಹೆಣಗಿದ. ಹೆಣಗುತ್ತ ಹೆಣಗುತ್ತ ಉಸಿರು ಮುಗಿಯಿತು.

ಪಟ್ಟಣವೆಲ್ಲ ಆಟಗಾರನಿಗೆ ಛೀಮಾರಿ ಹಾಕಿತು. ಗೆರೆ ಕಾಲ ಬುಡದಲ್ಲಿದ್ದರೂ ಕಾಣದವನು ಎಂದು ಉಗಿಯಿತು. ಹರಾಜಿನವನು ಮಾತ್ರ ಯಾರಿಗೂ ಬೈಯಲಿಲ್ಲ. ನಾನೇನು ಮಾಡಿದೆ, ಸುಮ್ಮನೆ ಕೂತಿದ್ದೆ, ಎಂದು ತನಗೆ ತಾನೇ ಹೇಳಿಕೊಂಡ. ಅವತ್ತು ಅವನಿಗೆ ಒಳ್ಳೆಯ ನಿದ್ದೆಯೂ ಬಂತು.

ಮೂರನೆಯ ದಿನ ಆಟಗಾರ ಪೇಟೆಗೆ ಬಂದ. ಅವನನ್ನು ದೂರದಿಂದ ಕಂಡು ಹರಾಜಿನವನು ಎರಡು ಹೆಜ್ಜೆ ಹಿಂದೆ ಸರಿದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡ. ಜಗಳವಾದರೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಸನ್ಮಾನದ ಮಾತು ಮೊದಲು ಎತ್ತಬೇಕು ಎಂದುಕೊಂಡ.

ಆಟಗಾರ ಹತ್ತಿರ ಬಂದು ಕೇಳಿದ: "ಗಂಟ್ಲ ಹೆಂಗೈತ್ರಿ ಈಗ, ಅಣ್ಣಾರ?"

ಹರಾಜಿನವನ ಕೈ ತಾನಾಗಿ ಗಂಟಲಿಗೆ ಹೋಯಿತು.

"ಅವತ್ತ ನಿಮ್ಮ ದನಿ ಕೇಳಲಿಲ್ಲ. ಇಷ್ಟ ದಿನದಾಗ ಒಂದ ಆಟಾನೂ ತಪ್ಪಿಸಿದವರಲ್ಲ ನೀವು. ಗಂಟ್ಲ ಕಟ್ಟಿರಬೇಕು, ಆದ್ರೂ ಬಂದ ಕುಂತಾರ ಅಂದ್ಕೊಂಡೆ. ನಮ್ಮವ್ವ ಜೇಷ್ಠಮಧು ಕುಟ್ಟಿ ಕಲ್ಲಸಕ್ಕರಿ ಕೂಡಿಸಿ ಕೊಟ್ಟಾಳ. ಬಾಯಾಗ ಇಟ್ಕೋರಿ." ಒಂದು ಪೊಟ್ಟಣವನ್ನು ಇವನ ಅಂಗೈಯಲ್ಲಿಟ್ಟ. "ಮತ್ತ ಸನ್ಮಾನದಾಗ ನಿಮ್ಮ ಹೆಸರ ಬೇಕಂತನ ಹೇಳಲಿಲ್ರಿ. ಎದುರಿನ ತಂಡದವ್ರೂ ಅಲ್ಲೇ ಕುಂತಿದ್ರು. ಗೆರಿ ಯಾರ ಹೇಳತಾರ ಅಂತ ಗೊತ್ತಾಗಿದ್ರ ನಿಮ್ಮ ಸುತ್ತ ನೂರ ಮಂದೀನ ಕುಂಡ್ರಿಸಿ ನಿಮ್ಮ ದನಿ ಮುಚ್ಚಸ್ತಿದ್ರು. ಗೆದ್ದ ಮ್ಯಾಲ ಹೆಗಲ ಮ್ಯಾಲ ಹೊತ್ಕೊಂಡ ಹೇಳಬೇಕಂತಿದ್ದೆ. ತಪ್ಪ ತಿಳೀಬ್ಯಾಡ್ರಿ."

ಆಮೇಲೆ ಇನ್ನೊಂದು ಸುದ್ದಿ ಹೇಳಿದ. ಬರುವ ಸೋಮವಾರ ತಂಡ ಬಿಟ್ಟು ಊರಿಗೆ ಹೋಗುತ್ತಾನಂತೆ. ಕಾಲ ಬುಡದ ಗೆರೆಯನ್ನು ಇನ್ನೊಬ್ಬರು ಹೇಳದಿದ್ದರೆ ಕಾಣದವನು ಸಂಬಳ ಎಣಿಸಿಕೊಂಡು ಆಡಲು ಯೋಗ್ಯನಲ್ಲವಂತೆ. ತಪ್ಪನ್ನೆಲ್ಲ ಅವನು ತನ್ನ ತಲೆಯ ಮೇಲೆ ಎಳೆದುಕೊಂಡಿದ್ದ. ಬೇರೆ ಯಾರದಾದರೂ ಪಾಲಿದ್ದೀತು ಎಂಬ ಸಂಶಯವೂ ಅವನಿಗೆ ಬಂದಿರಲಿಲ್ಲ.

ಹರಾಜಿನವನು ಆಗ ಒಂದು ಮಾತು ಹೇಳಬಹುದಿತ್ತು. ಗಂಟಲು ನೆಟ್ಟಗಿತ್ತು, ಮನಸ್ಸು ಕೆಟ್ಟಿತ್ತು, ನೀನು ನಂಬಿದ್ದರಲ್ಲಿ ತಪ್ಪಿಲ್ಲ, ಎನ್ನಬಹುದಿತ್ತು. ಅಷ್ಟು ಕೇಳಿದ್ದರೆ ಆಟಗಾರ ಬಹುಶಃ ನಾಲ್ಕು ಬೈದು, ಆಟಕ್ಕೆ ಮರಳುತ್ತಿದ್ದ. ಹರಾಜಿನವನ ಬಾಯಿಂದ ಬಂದದ್ದು, "ಹೌದ್ರಿ, ಗಂಟ್ಲ ಕಟ್ಟಿತ್ತು" ಎಂಬ ಮಾತು. ಸುಳ್ಳಿಗೆ ಸಾಕ್ಷಿ ಬೇಕಲ್ಲ, ಎರಡು ಸಲ ಕೆಮ್ಮಿದ. ಆಟಗಾರ ಅವನ ಬೆನ್ನು ಸವರಿ, ಮಾತಾಡಿ ದಣಿಯಬೇಡಿ ಎಂದು ಹೇಳಿ ಹೋದ.

ಹರಾಜಿನವನು ನಾಚಿಕೆಯಿಂದ ಸತ್ತುಹೋದ. ಅವನ ಅವಸ್ಥೆಯನ್ನು ಇನ್ನೂ ಕೇಳು. ಆಟಗಾರ ಪೇಟೆಯ ಬಾಗಿಲು ದಾಟುವ ಮೊದಲೇ ಹರಾಜಿನ ಗಂಟೆ ಬಾರಿಸಿತು. ಕೂಗಿದರೆ ಸುಳ್ಳು ಬಯಲು. ಆ ಮಧ್ಯಾಹ್ನ ಅವನು ಒಡೆದ ದನಿಯಲ್ಲಿ ಗೊರಗೊರ ಎನ್ನುತ್ತ ಹರಾಜು ಮಾಡಿದ. ವ್ಯಾಪಾರಿಗಳು ಬಿದ್ದು ಬಿದ್ದು ನಕ್ಕರು. ಪೊಟ್ಟಣವನ್ನು ಬಾಯಿಗೆ ಹಾಕಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ತೋಡಿಕೊಂಡ. ಅವಳು ಕೇಳಿ ಮುಗಿಸಿ, "ನನಗ್ಯಾಕ ಹೇಳತಿ? ಹೋಗಿ ಅವಗ ಹೇಳು" ಎಂದಳು. ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದ. ನಾಳೆ ಎಂದವನ ಮನೆ ಹಾಳು ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಒಂದು ದಿನ, ಆಟಗಾರ ತಾಯಿಯೊಂದಿಗೆ ಬಾಡಿಗೆಗಿದ್ದ ಮನೆಯ ಓಣಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದ. ಇನ್ನೊಂದು ದಿನ ಬಾಗಿಲವರೆಗೂ ಹೋದ. ಒಳಗೆ ಆಟಗಾರನ ತಾಯಿ ಯಾರೊಂದಿಗೋ, ಪಾಪ, ಗಂಟಲು ಕಟ್ಟಿದರೂ ಬಂದು ಕೂತಿದ್ದನಂತೆ ಆ ಪುಣ್ಯಾತ್ಮ, ಎನ್ನುತ್ತಿದ್ದಳು. ಅದನ್ನು ಕೇಳಿದ ಮೇಲೆ ಚಿಲಕ ಬಡಿಯಲು ಕೈ ಏಳಲಿಲ್ಲ. ಹೀಗೆ ಐದು ದಿನ ಕಳೆದವು. ಸೋಮವಾರ ಬಂತು. ಆಟಗಾರ ಹೋದ.

ಮುಂದಿನ ದೀಪಾವಳಿಗೆ ಮತ್ತೆ ಆಟಗಳು ಆರಂಭವಾದವು. ಹರಾಜಿನವನು ಎಲ್ಲ ಆಟಕ್ಕೂ ಹೋದ. ನಡುಗೆರೆಯ ನೇರಕ್ಕೆ ಕೂಡಲಿಲ್ಲ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತ. ತಂಡ ಗೆದ್ದ ದಿನವೂ ಅವನ ಗಂಟಲಿನಿಂದ ಕೂಗು ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯನ ಮುಖ ಕೆಂಪಾಗಿತ್ತು. ಆ ಆಟಗಾರನ ಸಲುವಾಗಿ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಎಂಥಾ ಮನಷ್ಯಾರಿ ಅವ. ಸುಮ್ಮನ ಕುಂತದ್ದ ಒಂದ ತಪ್ಪಾತು, ಹೋಗ್ಲಿ. ಆಮ್ಯಾಲ ಐದ ದಿನ ಇತ್ತಲ್ರಿ. ಒಂದ ಮಾತ ಹೇಳಿ ಬಂದಿದ್ರ ಅವ ಊರ ಬಿಡತಿದ್ದಿಲ್ಲ. ಆ ಆಟಗಾರನ ಮನಿ ಏನ ಕಾಶಿಯೊಳಗಿತ್ತೇನ್ರಿ?"

ಗುರುಗಳು ಮೊರ ಕೆಳಗಿಟ್ಟು ಅವನ ಮುಖ ನೋಡಿದರು.

"ಇಲ್ಲೋ ತಮ್ಮಾ, ಗುರುಪಾದನ ಕೋಣಿಗಿಂತ ನಾಕ ಹೆಜ್ಜಿ ದೂರಿತ್ತು."