ಚಂಪಿಗೆ ಏಳು ತುಂಬಿದ ದಿನ

ಒಂದು ಒಗಟು ಕೇಳ್ತೀನಿ, ಬಿಡಿಸಿ ನೋಡೋಣ.

ಒಬ್ಬಳು ಹುಡುಗಿ. ಹುಟ್ಟಿದಾಗಿನಿಂದ ಒಂದು ಮಾತೂ ಆಡಿಲ್ಲ. ನಾಳೆ ಬೆಳಿಗ್ಗೆ ಬಾಯಿ ಬಿಟ್ಟರೆ ಅವಳ ಮೊದಲನೇ ಮಾತು ಯಾವುದು?

ಗೊತ್ತಾಗಲ್ಲ ಬಿಡಿ, ತಲೆ ಕೆರೆದುಕೊಳ್ಳಬೇಡಿ. ಅವಳಪ್ಪ ತಿರುಮಲನಿಗೇ ಗೊತ್ತಿರಲಿಲ್ಲ.

ತಿರುಮಲ ಹೊಳೆದಂಡೆಯ ಒಂದು ಮಠದಲ್ಲಿ ಶಿಷ್ಯ. ಸೌದೆ ಒಡೆಯುತ್ತಿದ್ದ, ನೀರು ಹೊರುತ್ತಿದ್ದ. ಶ್ಲೋಕ ಮಾತ್ರ ನಾಲ್ಕು ವರ್ಷವಾದರೂ ಎರಡನೇ ಸಾಲಿಗೆ ದಾಟಿರಲಿಲ್ಲ. ಹೆಂಡತಿ ತೀರಿಕೊಂಡ ವರ್ಷ, ಮೂರು ವರ್ಷದ ಮಗಳು ಚಂಪಿಯನ್ನು ಎತ್ತಿಕೊಂಡು ಆ ಕಡೆ ಬಂದವನು ಅಲ್ಲೇ ಉಳಿದುಬಿಟ್ಟ.

ಉಳಿದದ್ದು ಗುರುಗಳು ಹೇಳಿದ ಒಂದು ಕಥೆಯಿಂದ.

ಚಿದ್ಘನ ಯತಿಗಳು ಅಂತ ಒಬ್ಬ ದೊಡ್ಡ ಜ್ಞಾನಿ. ಮಾತು ಎಲ್ಲಿಂದ ಹುಟ್ಟುತ್ತೆ ಅಂತ ದಪ್ಪ ಗ್ರಂಥ ಬರೆದವರು. ಅವರಿಗೊಬ್ಬಳು ತಂಗಿ, ಮಾತು ಬಾರದವಳು. ಅವಳಿಗೆ ಏಳು ತುಂಬಿದ ದಿನ, ಅವರಿಬ್ಬರೂ ಹುಟ್ಟಿದ ಮನೆಯ ಹೊಸ್ತಿಲ ಮೇಲೆ, ತಾಯಿ ಬಜೆ ಬೇರು ತೇಯ್ದು ಜೇನಿನಲ್ಲಿ ಕಲಸಿ ಅವಳ ನಾಲಿಗೆಗೆ ಹಚ್ಚಿದಳು. ತಂಗಿ "ಅಣ್ಣಾ" ಅಂದಳು.

ಅಷ್ಟೇ ಕಥೆ.

ಅವತ್ತೇ ತಿರುಮಲ ಮಠದ ಹಿಂದಿನ ಕೆಸರಲ್ಲಿ ಬಜೆ ನೆಟ್ಟ.

ನಾಲ್ಕು ವರ್ಷ ಆಯಿತು. ಚಂಪಿಗೆ ಏಳು ತುಂಬೋಕೆ ಮೂರು ದಿನ ಇತ್ತು. ಯತಿಗಳು ಹುಟ್ಟಿದ ಊರು ಬಿಳಿಗಲ್ಲಿಗೆ ಹೋಗೋಣ ಅಂತ ತಿರುಮಲ ಗುರುಗಳ ಮುಂದೆ ನಿಂತ.

"ಮಂಡಿನೋವು ಕಣೋ" ಅಂದರು ಗುರುಗಳು.

"ಹೊತ್ತುಕೊಂಡು ಹೋಗ್ತೀನಿ ಗುರುಗಳೇ."

"ಮಳೆ ಬರೋ ಹಾಗಿದೆ."

"ಚೈತ್ರದಲ್ಲಾ?"

"ಮುಂದಿನ ವರ್ಷ ಹೋದರಾಯಿತಪ್ಪ."

"ಮುಂದಿನ ವರ್ಷ ಅವಳಿಗೆ ಎಂಟಾಗುತ್ತೆ."

ಗುರುಗಳು ಎದ್ದರು.

ದಾರಿಯುದ್ದಕ್ಕೂ ಚಂಪಿ ಗುರುಗಳ ಊರುಗೋಲು ಕಿತ್ತುಕೊಂಡು ಮುಂದೆ ಓಡುತ್ತಿದ್ದಳು. ಅವರು ಕುಂಟುತ್ತಾ ಬಂದರೆ ಹಾಗೇ ಕುಂಟಿ ಅಣಕಿಸುತ್ತಿದ್ದಳು. ನಗು ಮುಖದ ತುಂಬ ಇರುತ್ತಿತ್ತು, ಸದ್ದು ಇರುತ್ತಿರಲಿಲ್ಲ.

"ಮೊದಲು ಏನಂತಾಳೆ ಗುರುಗಳೇ? ಅಪ್ಪಾ ಅಂತಾಳಾ?"

ಗುರುಗಳು ಊರುಗೋಲಿಗಾಗಿ ಚಂಪಿಯನ್ನು ಕೂಗಿದರು.

"ಬೈದರೂ ಪರವಾಗಿಲ್ಲ. ಲೋ ಕತ್ತೆ ಅಂದರೂ ಸಾಕು ನನಗೆ."



ಬಿಳಿಗಲ್ಲಿನಲ್ಲಿ ಯತಿಗಳ ಮನೆ ಅಂದರೆ ಎರಡೇ ಕೋಣೆ. ಒಳಗೊಂದು ದೀಪ. ಕಲ್ಲಿನ ಹೊಸ್ತಿಲು, ನಡುವೆ ಸವೆದಿತ್ತು. ದೀಪಕ್ಕೆ ಎಣ್ಣೆ ಹಾಕುವ ಗೌರಕ್ಕ ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದಳು.

ತಿರುಮಲ ಮಗಳನ್ನು ಹೊಸ್ತಿಲ ಮೇಲೆ ಕೂರಿಸಿದ. ಬಜೆ ತೇಯ್ದ. ಕುಡಿಕೆಯ ಜೇನಿನಲ್ಲಿ ಕಲಸಿದ. ನಾಲಿಗೆಗೆ ಹಚ್ಚಿದ.

ಚಂಪಿ ಮುಖ ಕಿವುಚಿದಳು. ಉಗಿದಳು. ನಾಲಿಗೆಯನ್ನು ಅಪ್ಪನ ಅಂಗಿಗೇ ಒರೆಸಿದಳು. ಆಮೇಲೆ ಜೇನಿನ ಕುಡಿಕೆ ತೋರಿಸಿ ಕೈ ಚಾಚಿದಳು.

"ಅಣ್ಣಾ ಅನ್ನು" ಅಂದ ತಿರುಮಲ.

ಅವಳು ಕೈ ಇನ್ನೂ ಮುಂದೆ ಚಾಚಿದಳು.

"ಅಪ್ಪಾ ಅನ್ನು."

ಅವಳು ಅವನ ಮೂಗು ಹಿಂಡಿದಳು.

"ಅ ಅನ್ನು ಮಗಳೇ. ಬರೀ ಅ. ಸಾಕು."

ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ತಿರುಮಲ ಮೂರು ಸಲ ಹಚ್ಚಿದ. ನಾಲ್ಕನೇ ಸಲಕ್ಕೆ ಗೌರಕ್ಕನಿಗೆ ತಡೆಯಲಾಗಲಿಲ್ಲ.

"ಏನಪ್ಪಾ ಅದು, ಮಗು ನಾಲಿಗೆ ಸುಟ್ಟುಹೋಗುತ್ತೆ! ಯಾರು ಹೇಳಿದ್ದು ಇದನ್ನೆಲ್ಲ?"

"ಯತಿಗಳ ತಂಗಿಗೆ ಇಲ್ಲೇ ಮಾತು ಬಂತಲ್ಲ ತಾಯೀ."

"ಯಾರಿಗೆ?"

"ಅವರ ತಂಗಿಗೆ. ಏಳು ತುಂಬಿದ ದಿನ."

ಗೌರಕ್ಕ ಬತ್ತಿ ಕೆಳಗಿಟ್ಟಳು. "ಬಜೆ ತೇಯ್ದದ್ದು ನಿಜವಂತೆ ಕಣಪ್ಪಾ. ಮಾತು ಎಲ್ಲಿ ಬಂತು? ಎಪ್ಪತ್ತು ವರ್ಷ ಬದುಕಿದಳಂತೆ, ಇದೇ ಮನೆಯಲ್ಲಿ. ಕೊನೇ ತನಕ ಒಂದು ಮಾತಿಲ್ಲ. ಈ ಊರಲ್ಲಿ ಯಾರನ್ನ ಬೇಕಾದರೂ ಕೇಳು."

ತಿರುಮಲ ತಿರುಗಿ ನೋಡಿದ. ಗುರುಗಳು ನೆಲ ನೋಡುತ್ತಿದ್ದರು.

"ಈಯಮ್ಮ ಸುಳ್ಳು ಹೇಳ್ತಿದ್ದಾಳೆ ಅನ್ನಿ ಗುರುಗಳೇ."

"ನಿಜ ಹೇಳ್ತಿದ್ದಾಳೆ."

ಚಂಪಿ ಕುಡಿಕೆಯೊಳಗೆ ಬೆರಳು ಬಿಟ್ಟಿದ್ದಳು. ಯಾರೂ ತಡೆಯಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾಲ್ಕು ವರ್ಷ ಗುರುಗಳೇ! ಒಂದೊಂದು ದಿನ ಎಣಿಸಿದ್ದೀನಿ. ಒಂದು ದಿನವಾದರೂ ಹೇಳಬಹುದಿತ್ತಲ್ಲ!"

"ಹೇಳೋಣ ಅಂತ ದಿನಾ ಹಿತ್ತಿಲಿಗೆ ಬರ್ತಿದ್ದೆ. ನೀನು ಬಜೆಯ ಕಳೆ ಕೀಳ್ತಾ ಇರ್ತಿದ್ದೆ."

ತಿರುಮಲ ತೇಯುವ ಕಲ್ಲನ್ನು ಅಂಗಳಕ್ಕೆ ಬೀಸಿ ಒಗೆದ. ಅದು ಎರಡು ಹೋಳಾಯಿತು. ಚಂಪಿ ಬೆಚ್ಚಿ ಅಪ್ಪನನ್ನು ನೋಡಿದಳು.

"ಮಾತಿನ ಮೇಲೆ ಅಷ್ಟು ದಪ್ಪ ಗ್ರಂಥ ಬರೆದರಲ್ಲ ಆ ಮಹಾನುಭಾವರು, ತಂಗಿಗೆ ಒಂದು ಮಾತು ಕೊಡೋಕೆ ಆಗಲಿಲ್ಲವಾ?"

"ಆಗಲಿಲ್ಲ."

"ನಿಮಗೆ?"

"ನನ್ನ ಕೈಲೂ ಆಗಲ್ಲ."

"ಇವಳಿಗೆ ಇನ್ನು ಯಾವತ್ತೂ ಬರಲ್ಲವಾ?"

"ನನಗೆ ಗೊತ್ತಿಲ್ಲ ಕಣೋ."

ತಿರುಮಲ ಹೊಸ್ತಿಲ ಮೇಲೆ ಕುಸಿದ. ಅತ್ತ. ಚಂಪಿ ಅಂಟಂಟು ಕೈಯಿಂದಲೇ ಅವನ ಕಣ್ಣು ಒರೆಸಿದಳು. ಅವನ ಮುಖಕ್ಕೆಲ್ಲ ಜೇನು ಮೆತ್ತಿತು.

"ಮತ್ತೆ ನನಗ್ಯಾಕೆ ಹಾಗೆ ಹೇಳಿದಿರಿ? ನಾನೇನು ಪಾಪ ಮಾಡಿದ್ದೆ ನಿಮಗೆ?"

ಗುರುಗಳು ಅವನ ಪಕ್ಕದಲ್ಲಿ ಕೂತರು. ಮಂಡಿ ಮಡಚೋಕೆ ಸ್ವಲ್ಪ ಹೊತ್ತು ಹಿಡಿಯಿತು.

"ಅವತ್ತು ನೀನು ಇವಳನ್ನ ಎತ್ತಿಕೊಂಡು ಹೊಳೆಗೆ ಇಳೀತಾ ಇದ್ದೆ. 'ಮಾತು ಬಾರದ ಮಗು' ಅಂತ ಅಳ್ತಿದ್ದೆ. ಕೂಗಿದರೆ ನಿಲ್ಲಲಿಲ್ಲ. ಅದಕ್ಕೆ ದಡದಲ್ಲಿ ನಿಂತು ಆ ತಂಗಿ ಕಥೆ ಶುರು ಮಾಡಿದೆ. ಸೊಂಟದ ಮಟ್ಟ ನೀರಲ್ಲಿ ನೀನು ತಿರುಗಿ ನಿಂತು, 'ಆಮೇಲೆ ಅವಳಿಗೆ ಮಾತು ಬಂತಾ?' ಅಂತ ಕೇಳಿದೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಬಂತು ಅಂದುಬಿಟ್ಟೆ. ಕೊನೆ ನಾನೇ ಕಟ್ಟಿದ್ದು, ತಿರುಮಲ."