ಅಂಬುಜಕ್ಕನ ಚುಕ್ಕಾಣಿ

"ಚುಕ್ಕಿ... ಅಲ್ಲ, ಚುಕ್ಕ..." ಸುಭದ್ರಮ್ಮ ಕಣ್ಣು ಮುಚ್ಚಿ ಮಾತಿಗೆ ತಡಕಾಡಿದರು. "ದೋಣಿಯ ಹಿಂದೆ ಇರುತ್ತದಲ್ಲ, ಅತ್ತಿತ್ತ ತಿರುಗಿಸುವುದು."

"ಚುಕ್ಕಾಣಿಯೇ ಅಮ್ಮ?" ಎಂದ ಶಿಷ್ಯ ಚಿದಾನಂದ.

"ಅದೇ. ಕಡಲು ಬಿಟ್ಟು ಈ ಆಶ್ರಮಕ್ಕೆ ಬಂದ ಮೇಲೆ ಮಾತೂ ಒಣಗಿಹೋಯಿತು. ಇರಲಿ, ಅಂಬುಜಕ್ಕನ ಮೋಟಾರು ಕುರ್ಚಿಗೆ ಚುಕ್ಕಾಣಿ ಎಲ್ಲಿಟ್ಟೆ?"

"ತಲೆಯ ಹಿಂದೆ. ಪಾರ್ಶ್ವವಾಯು ಬಡಿದು ಕೈಯೂ ಹೋಯಿತು, ಮಾತೂ ಹೋಯಿತು. ಚೆನ್ನಾಗಿ ಆಡುವುದು ತಲೆಯೊಂದೇ. ಅದು ವಾಲಿದತ್ತ ಕುರ್ಚಿ ತಿರುಗುತ್ತದೆ."

"ಮತ್ತೆ ನಿನ್ನ ಮುಖ ಯಾಕೆ ಹಾಗೆ ಬಾಡಿದೆ?"

"ನಿನ್ನೆ ಭಜನೆಗೆ ಅಕ್ಕ ತಲೆದೂಗಿದರು. ಕುರ್ಚಿ ಗಿರಕಿ ಹೊಡೆದು ತಬಲಾ ಉರುಳಿಸಿತು."

"ತಬಲಾದವನು ತಾಳ ತಪ್ಪಿದ್ದನೋ ಏನೋ."

"ತಲೆ ಅಲ್ಲಾಡಿಸಬೇಡಿ ಅಕ್ಕ ಅಂದಿದ್ದೇನೆ. ಈಗ ತೊಂದರೆಯಿಲ್ಲ. ಗೊಂಬೆಯ ಹಾಗೆ ಕೂತಿರುತ್ತಾರೆ."



ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಸುಭದ್ರಮ್ಮ ನೀರು ತುಂಬಿದ ತಂಬಿಗೆಯನ್ನು ಶಿಷ್ಯನ ತಲೆಯ ಮೇಲಿಟ್ಟರು.

"ಚೆಲ್ಲಬಾರದು. ಬಾಯಿ ತೆರೆಯಬಾರದು. ಕೈ ಎತ್ತಬಾರದು."

ಆಮೇಲೆ ತಾವೇ ಬಡಿಸಲು ಬಂದರು. "ಅನ್ನ ಬೇಕೇನಪ್ಪಾ?"

ಚಿದಾನಂದ ಅಲುಗಲಿಲ್ಲ.

"ಬೇಡವಂತೆ" ಎಂದು ಮುಂದೆ ಹೋದರು. ಸಾರು ಬಂತು, ಅದೂ ಬೇಡವಂತೆ. ಮಜ್ಜಿಗೆಯೂ ಬೇಡವಂತೆ.

ಎದುರು ಸಾಲಿನಲ್ಲಿ ಮೊಮ್ಮಗಳು ವೈದೇಹಿ ಅಂಬುಜಕ್ಕನಿಗೆ ತುತ್ತು ಕೊಡುತ್ತಿದ್ದಳು. "ಇನ್ನಷ್ಟು ಬೇಕಾ ಅಜ್ಜಿ?"

ಅಜ್ಜಿ ಗೊಂಬೆಯಂತೆ ಕೂತಿದ್ದರು. ಹುಡುಗಿ ತಟ್ಟೆ ಎತ್ತಿಕೊಂಡಳು. ಅಜ್ಜಿಯ ಕಣ್ಣು ತಟ್ಟೆಯ ಹಿಂದೆಯೇ ಹೋಯಿತು.

ಚಿದಾನಂದ ತಂಬಿಗೆ ಇಳಿಸಿ ಎದ್ದ. ಅಂಬುಜಕ್ಕನ ಮುಂದೆ ಮಂಡಿಯೂರಿದ.

"ತಪ್ಪಾಯಿತು ಅಕ್ಕ. ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಚುಕ್ಕಾಣಿ ಎಲ್ಲಿಡಲಿ, ನೀವೇ ತೋರಿಸಿ."

ಅಂಬುಜಕ್ಕ ಕೆಳಗೆ ನೋಡಿದರು. ಎಡಗಾಲಿನ ಹೆಬ್ಬೆರಳು ಸಣ್ಣಗೆ ಅಲುಗಿತು.

"ಇದಕ್ಕೆ ಬಲ ಸಾಲದು ಅಂತ ನಾನೇ ಬಿಟ್ಟಿದ್ದೆ ಅಮ್ಮ" ಎಂದ ಶಿಷ್ಯ.

"ಬಲ ಕುರ್ಚಿಗಿದೆಯಲ್ಲ" ಎಂದರು ಸುಭದ್ರಮ್ಮ.

ಅವನು ತಲೆಯ ಹಿಂದಿನ ಚುಕ್ಕಾಣಿ ಬಿಚ್ಚಿ, ಹೆಬ್ಬೆರಳಿನ ಪಕ್ಕ ಪುಟ್ಟದೊಂದು ಹಿಡಿ ಕೂರಿಸಿದ. ಹೂವು ತಾಕಿದಷ್ಟು ತಾಕಿದರೂ ಸಾಕು, ಹಾಗೆ ಹದ ಮಾಡಿದ.

ಸಂಜೆ ಅಂಬುಜಕ್ಕ ಯಾರೂ ತಳ್ಳದೆ ನದೀತೀರದ ಭಜನೆಗೆ ಬಂದರು. ತಬಲಾದವನು ಸ್ವಲ್ಪ ಸರಿದು ಕೂತ. ಅವರು ನೇರ ಚಿದಾನಂದನ ಎದುರು ನಿಂತು, ಅವನನ್ನೇ ನೋಡುತ್ತ ತಲೆದೂಗಿದರು. ನಿಧಾನವಾಗಿ, ತುಂಬ ಹೊತ್ತು. ಕುರ್ಚಿ ಅಲುಗಲಿಲ್ಲ.

ಚಿದಾನಂದನ ಕಣ್ಣು ತುಂಬಿತು. ಕಾಲು ಮುಟ್ಟಲು ಬಗ್ಗಿದ.

"ಎಡಗಾಲು ಮುಟ್ಟಬೇಡ" ಎಂದರು ಸುಭದ್ರಮ್ಮ. "ಕುರ್ಚಿ ಮೈಮೇಲೆ ಬಂದೀತು."

ಎಲ್ಲರೂ ನಕ್ಕರು. ಅಂಬುಜಕ್ಕನೂ ಅರ್ಧ ಮುಖದಲ್ಲಿ ನಕ್ಕರು.

"ಅಮ್ಮ," ಎಂದ ಶಿಷ್ಯ, "ಮುಂದೆ ರಿಪೇರಿಗೆ ಬಂದವನು ನನ್ನ ಹಾಗೆಯೇ ಯೋಚಿಸಿದರೆ? ಚೆನ್ನಾಗಿ ಆಡುವುದು ತಲೆ ಅಂತ ಮತ್ತೆ ಅಲ್ಲೇ ಇಟ್ಟರೆ?"

ಸುಭದ್ರಮ್ಮ ವೈದೇಹಿಯನ್ನು ಹತ್ತಿರ ಕರೆದರು.

"ಕುರ್ಚಿಯ ಬೆನ್ನಿಗೆ ದೊಡ್ಡದಾಗಿ ಬರೆದಿಡು ಮಗಳೇ: ಈ ತಲೆಗೆ ಬೇರೆ ಕೆಲಸವಿದೆ."