ಶ್ರೀ ತಮಸ್ವಿನೀದೇವಿಯ ಗುಹೆಯಲ್ಲಿ ದೀಪವಿಲ್ಲದ ಕಾರಣ

ಹಿಪ್ಪೆಯ ಮರಗಳು ಎಲೆಯುದುರಿಸಿ ಹೂ ತಳೆದು, ಆ ಹೂಗಳು ಸೂರ್ಯೋದಯಕ್ಕೆ ಮುನ್ನವೇ ನೆಲಕ್ಕೆ ಬೀಳತೊಡಗುವ ಈ ಚೈತ್ರಮಾಸದಲ್ಲಿ, ಜತುಕಾಚಲದ ಗುಹಾವಾಸಿನಿಯಾದ ಶ್ರೀ ತಮಸ್ವಿನೀದೇವಿಯ ದರ್ಶನಕ್ಕೆಂದು ಬರುವ ಯಾತ್ರಿಕರು, ಗರ್ಭಗುಹೆಯ ಹೊಸ್ತಿಲಲ್ಲಿ ನಿಂತು, ಒಳಗೆ ದೀಪವೇಕಿಲ್ಲವೆಂದು ಅರ್ಚಕರನ್ನು ಕೇಳುವುದು ವಾಡಿಕೆಯಾಗಿದೆ. ಅದಕ್ಕೆ ಉತ್ತರವಾಗಿ, ಪರಂಪರೆಯಿಂದ ಕೇಳಿಬಂದ ವೃತ್ತಾಂತವನ್ನು ಇಲ್ಲಿ ನಿರೂಪಿಸಲಾಗಿದೆ. ಊರವರ ಬಾಯಲ್ಲಿ ಈ ಬೆಟ್ಟವು ಬಾವಲಿಗುಡ್ಡ, ದೇವಿಯು ಕತ್ತಲಮ್ಮ.

ಪೂರ್ವಕಾಲದಲ್ಲಿ, ಈ ಸೀಮೆಯೆಲ್ಲವೂ ಹಿಪ್ಪೆಯ ವನವಾಗಿದ್ದಾಗ, ಗುಹಾಶಯನೆಂಬ ಮುನಿಯು ಈ ಗುಹೆಯ ಅಂತರಾಳದಲ್ಲಿ ದೇವಿಯನ್ನು ಪ್ರತಿಷ್ಠಿಸಿ, ದೀಪಧೂಪಗಳಿಲ್ಲದೆ, ಕೇವಲ ಜಲಪುಷ್ಪಗಳಿಂದ ಅರ್ಚಿಸುತ್ತಿದ್ದನು. ಗುಹೆಯ ಮೇಲ್ಗಲ್ಲನ್ನು ಅಸಂಖ್ಯ ಬಾವಲಿಗಳು ಆಶ್ರಯಿಸಿದ್ದವು. ತೊಗಲನ್ನೇ ರೆಕ್ಕೆಯಾಗಿ ಉಳ್ಳವೆಂಬ ಅರ್ಥದಲ್ಲಿ ಅಜಿನಪತ್ರಗಳೆಂದು ಪ್ರಾಚೀನರು ಕರೆದ ಆ ಜೀವಿಗಳು, ಹಗಲೆಲ್ಲ ಅಧೋಮುಖವಾಗಿ ತೂಗುತ್ತಿದ್ದು, ಕಗ್ಗತ್ತಲಲ್ಲಿ ನಾಲಗೆಯಿಂದ ಟಕಟಕನೆ ಸದ್ದು ಹೊರಡಿಸಿ, ಬಂಡೆಗೆ ತಾಕಿ ಮರಳುವ ಆ ಸದ್ದಿನಿಂದಲೇ ದಾರಿಯನ್ನರಿತು ಹಾರುವುದನ್ನು ಗಮನಿಸಿದ ಮುನಿಯು, ತಾನೂ ಅಂತೆಯೇ ಸದ್ದು ಮಾಡುತ್ತ ದೇವಿಯ ಸನ್ನಿಧಿಗೆ ನಡೆಯುತ್ತಿದ್ದನು.

ಮುನಿಯು ಕಾಲವಶನಾದ ಬಳಿಕ ಪೂಜೆಯು ಬೆಟ್ಟದ ಬುಡದ ಗಾಣಿಗರ ಪಾಲಿಗೆ ಬಂದಿತು. ಹಿಪ್ಪೆಯ ಬೀಜದಿಂದ ಎಣ್ಣೆ ತೆಗೆದು, ಸುತ್ತಣ ದೇಗುಲಗಳ ದೀಪಗಳಿಗೆಲ್ಲ ಒದಗಿಸುತ್ತಿದ್ದ ಆ ಜನಕ್ಕೆ, ತಮ್ಮ ದೇವಿಯೊಬ್ಬಳೇ ಕತ್ತಲಲ್ಲಿರುವುದು ಕುಲಕ್ಕೆ ಒದಗಿದ ಅವಮಾನವೆಂದು ತೋರಿತು. ಆ ಕಾಲದಲ್ಲಿಯೇ, ಸೋವಿದೇವನೆಂಬ ಗಾಣಿಗನ ಹೆಂಡತಿಯಾದ ಮಾಚವ್ವೆಯು, ತನ್ನ ಒಬ್ಬಳೇ ಮಗಳು ಚಂದವ್ವೆಯು ವಿಷಮಜ್ವರದಿಂದ ಬಳಲಲು, ಮಗು ಉಳಿದರೆ ಗರ್ಭಗುಹೆಯಲ್ಲಿ ನಂದಾದೀಪವನ್ನಿಡುವೆನೆಂದು ಹರಕೆ ಹೊತ್ತಳು. ಮಗುವು ಉಳಿಯಿತು; ದೀಪವು ಬೆಳಗಿತು; ಆ ದೀಪವು ಉರಿಯುವಷ್ಟು ಕಾಲವೇ ಮಗಳ ಆಯುಸ್ಸೆಂಬ ಭಾವನೆಯು ತಾಯಿಯ ಮನಸ್ಸಿನಲ್ಲಿ ಬೇರೂರಿತು.

ಆದರೆ ಬೆಳಕಿಗೆ ಬೆದರಿದ ಬಾವಲಿಗಳ ರೆಕ್ಕೆಯ ಗಾಳಿಗೆ ದೀಪವು ಪದೇ ಪದೇ ನಂದುವಂತಾಗುತ್ತಿತ್ತು.

“ಹಿಪ್ಪೆಯ ಹೂವನ್ನು ತಿಂದದ್ದು ಸಾಲದೆಂದು ಈಗ ದೀಪಕ್ಕೂ ಎರಗುತ್ತಿವೆ. ದೇವಿಯ ಎದುರಿನಲ್ಲಿ ತಲೆಕೆಳಗಾಗಿ ತೂಗುವ ಈ ಹಕ್ಕಿಗಳಿಗೆ ಮಡಿಯೆಂಬುದುಂಟೇ?” ಎಂದನು ಸೋವಿದೇವನು.

ಅವನ ವೃದ್ಧಮಾತೆ ಕಾಳವ್ವೆಯು ನಕ್ಕು, “ಗಾಣದ ಮೇಲೆ ಕೂತು ತೂಕಡಿಸುವಾಗ ನಿನ್ನ ತಲೆ ಎಲ್ಲಿ ತೂಗುತ್ತದೆಂದು ನಾನು ಕಂಡಿಲ್ಲವೇನಪ್ಪ? ಮುನಿಗಳು ಅವನ್ನು ಓಡಿಸಿರಲಿಲ್ಲ” ಎಂದಳು.

“ಮುನಿಗಳಿಗೆ ಮಗಳಿರಲಿಲ್ಲವವ್ವಾ” ಎಂದ ಸೋವಿದೇವನು, ಊರವರನ್ನು ಕೂಡಿಸಿ, ಗುಹೆಯ ತುಂಬ ಹಸಿಬೇವಿನ ಸೊಪ್ಪಿನ ಹೊಗೆಯನ್ನು ಹಾಕಿಸಿದನು. ಬಾವಲಿಗಳು ಆ ಸೀಮೆಯನ್ನೇ ತೊರೆದುಹೋದವು.

ಮುಂದಿನ ವಸಂತದಲ್ಲಿ ಹಿಪ್ಪೆಯ ಮರಗಳು ಎಂದಿನಂತೆ ಹೂವಾದವು. ಹೂ ತಿನ್ನುವ ಕಳ್ಳರು ತೊಲಗಿದರೆಂದು ಊರೇ ಹಿಗ್ಗಿತು. ಆದರೆ ಹೂವುದುರಿದ ಕೊಂಬೆಗಳಲ್ಲಿ ಕಾಯಿ ಕಾಣಲಿಲ್ಲ. ಮರುವರ್ಷವೂ ಹಾಗೆಯೇ ಆಯಿತು. ಗಾಣಗಳು ನಿಂತವು, ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿದವು, ನೆರೆಯೂರುಗಳ ದೇಗುಲಗಳಲ್ಲಿ ದೀಪಗಳು ಒಂದೊಂದಾಗಿ ನಂದಿದವು. ಗಾಣಿಗರು ತಮ್ಮ ಮನೆಗಳಲ್ಲಿ ಕತ್ತಲೆಯನ್ನು ಸಹಿಸಿಕೊಂಡು, ಮಾಚವ್ವೆಯ ಮಗುವಿನ ಮುಖವನ್ನು ನೋಡಿ, ಮಡಕೆಗಳ ತಳದ ಎಣ್ಣೆಯನ್ನೂ ಬಸಿದು ನಂದಾದೀಪಕ್ಕೆ ಎರೆದರು. ಕಡೆಗೆ ಊರಿನಲ್ಲಿ ಉಳಿದದ್ದು ಮಾಚವ್ವೆಯ ಮನೆಯ ಗಿಂಡಿಯೊಳಗಿನ ಎಣ್ಣೆ ಮಾತ್ರ.

ಮತ್ತೆ ಹಿಪ್ಪೆಯು ಹೂವಾದ ಕಾಲದಲ್ಲಿ, ಆ ಗಿಂಡಿಯನ್ನು ಹಿಡಿದು ಅವಳು ಒಂದು ಅರುಣೋದಯದಲ್ಲಿ ಗುಹೆಯನ್ನು ಹೊಕ್ಕ ಹೊತ್ತಿಗೆ ಸರಿಯಾಗಿ, ಹುಟ್ಟಿದ ನೆಲೆಯನ್ನು ಮರೆಯದ ಒಂಟಿ ಬಾವಲಿಯೊಂದು, ಎದೆಗವುಚಿದ ಮರಿಯೊಡನೆ ಒಳಕ್ಕೆ ಹಾರಿಬಂದು, ದೀಪವನ್ನು ಕಂಡು ಬೆದರಲು, ಮರಿಯು ಜಾರಿ ದೀಪದ ಬುಡದಲ್ಲಿ ಬಿದ್ದಿತು. ಮರಿಯು ಕೂಗಿತು. ತಾಯಿಯು ಬೆಳಕು ಮಸುಕಾಗುವ ಮೂಲೆಯ ಬಂಡೆಗೆ ತೂಗಿಕೊಂಡು ಮರುಕೂಗು ಕೊಟ್ಟಿತೇ ಹೊರತು, ಬೆಳಕಿನೊಳಕ್ಕೆ ಬರಲಾರದೆ ಹೋಯಿತು. ಮಾಚವ್ವೆಯು ಬಾಗಿ ನೋಡಿದಳು. ಮರಿಯ ಮೈಯಲ್ಲಿ ಗರಿಗಳಿರಲಿಲ್ಲ, ನವಿರಾದ ಕೂದಲಿತ್ತು. ಅದರ ಬಾಯಿ ಹಾಲನ್ನು ಹುಡುಕುತ್ತಿತ್ತು. ಬಂಡೆಯ ಮೇಲಿನ ತಾಯಿಯ ಎದೆಯು ಹಾಲಿನಿಂದ ಒದ್ದೆಯಾಗಿತ್ತು; ಮುಖದ ತುಂಬ ಹಿಪ್ಪೆಯ ಹೂವಿನ ಹಳದಿಯ ಧೂಳಿಯು ಮೆತ್ತಿತ್ತು. ಹಕ್ಕಿಯೆಂದು ತಾವು ಹೊಗೆಯಿಟ್ಟು ಅಟ್ಟಿದ್ದು ಮೊಲೆಯೂಡುವ ತಾಯಂದಿರನ್ನೆಂದು ಅವಳಿಗೆ ಆಗ ತಿಳಿಯಿತು. ಮರಿಯನ್ನು ಅಂಗೈಯಲ್ಲೆತ್ತಿ ಚಾಚಿದರೆ ತಾಯಿಯು ಮತ್ತಷ್ಟು ಹಿಂಜರಿಯಿತು. ದೀಪವನ್ನು ನಂದಿಸದೆ ಆ ಮರಿಗೆ ಉಳಿವಿಲ್ಲ. ನಂದಿಸಿದರೆ ತನ್ನ ಮಗಳಿಗೆ ಉಳಿವಿಲ್ಲವೆಂಬ ಭಯ. ಮಾಚವ್ವೆಯು ಏನನ್ನೂ ಮಾಡಲಾರದೆ ನಿಂತಳು.

ಆಗ ಗುಹೆಯ ಅಂತರಾಳದಿಂದ ದೇವಿಯ ವಾಣಿಯು ಕೇಳಿಸಿತು:

“ಮಗಳೇ, ಈ ಎಣ್ಣೆಯು ನಿನ್ನ ಗಾಣದಲ್ಲಿ ಹುಟ್ಟಿದ್ದಲ್ಲ. ಹೂವಿನಿಂದ ಹೂವಿಗೆ ಧೂಳಿಯನ್ನು ಹೊತ್ತು ಕಾಯಿ ಕಟ್ಟಿಸಿದವಳು, ಹಣ್ಣನ್ನು ಕಚ್ಚಿ ಒಯ್ದು ಬೀಜವನ್ನು ದೂರದ ನೆಲಕ್ಕೆ ಮುಟ್ಟಿಸಿದವಳು ಇವಳು. ಇವಳನ್ನು ಅಟ್ಟಿ ನನಗೆ ಬೆಳಕನ್ನಿತ್ತೆ. ನಿನ್ನ ಮಗಳನ್ನು ಉಳಿಸಿದಾಗ ನಾನು ಕತ್ತಲಲ್ಲಿಯೇ ಇದ್ದೆ.”

ಮಾಚವ್ವೆಯು ಮರಿಯನ್ನು ಕಲ್ಲಿನ ಮೇಲಿಟ್ಟು, ಎರಡು ಬೆರಳುಗಳಿಂದ ಬತ್ತಿಯನ್ನು ಹಿಸುಕಿದಳು. ಕತ್ತಲಲ್ಲಿ ಟಕಟಕನೆ ಸದ್ದಾಯಿತು. ರೆಕ್ಕೆಯ ಗಾಳಿಯು ಅವಳ ಕೆನ್ನೆಯನ್ನು ಸೋಕಿತು. ಮರಿಯ ಕೂಗು ನಿಂತಿತು.

ಅವಳು ಎಡವುತ್ತ ಬೆಟ್ಟವನ್ನಿಳಿದು ಮನೆಯನ್ನು ಸೇರಿದಾಗ, ಚಂದವ್ವೆಯು ಕೆದರಿದ ತಲೆಯಲ್ಲಿ ಜಗಲಿಯ ಮೇಲೆ ಕುಳಿತು, “ಅವ್ವಾ, ಹೂ ಆಯಲು ಹೋಗುವಾಗ ನನ್ನನ್ನೇಕೆ ಎಬ್ಬಿಸಲಿಲ್ಲ?” ಎಂದು ಮುನಿಸಿಕೊಂಡಳು. ಕಾಳವ್ವೆಯು ಸೊಸೆಯ ಬೆರಳುಗಳ ಮಸಿಯನ್ನು ನೋಡಿದಳು.

“ದೀಪ?”

“ನಾನೇ ನಂದಿಸಿದೆನತ್ತೆ.”

ಅತ್ತೆಯು ಮೊಮ್ಮಗಳ ಹಣೆಯನ್ನು ಮುಟ್ಟಿ ನೋಡಿ, “ಕೈ ತೊಳೆದು ಬಾ. ಇವಳಿಗೆ ಹಸಿವಾಗಿದೆಯಂತೆ, ಗಂಜಿ ಬಡಿಸು” ಎಂದಳು.

ದೇವಿಯ ಮಾತನ್ನು ಹೆಂಡತಿಯಿಂದ ಕೇಳಿದ ಸೋವಿದೇವನೇ ನಂದಿದ ದೀಪವನ್ನು ಹೊತ್ತು ತಂದು, ಬೆಟ್ಟದ ಬುಡದ ಬಂಡೆಯಲ್ಲಿ ಗೂಡು ಕೊರೆಸಿ ಅಲ್ಲಿರಿಸಿದನು. ಕ್ರಮೇಣ ಬಾವಲಿಗಳು ಮರಳಿದವು; ಹಿಪ್ಪೆಯು ಕಾಯಿ ಕಟ್ಟಿತು; ಗಾಣಗಳು ತಿರುಗಿದವು. ಇಂದಿಗೂ ಗುಹೆಯ ಬಾಯಲ್ಲಿ ಬಾವಲಿಗಳು ತಿಂದು ಉದುರಿಸಿದ ಬೀಜಗಳನ್ನು ಆಯ್ದು ತೆಗೆದ ಎಣ್ಣೆಯಿಂದಲೇ ಆ ಗೂಡಿನ ದೀಪವು ಉರಿಯುತ್ತದೆ. ಅರ್ಚಕರು ನಾಲಗೆಯಿಂದ ಸದ್ದು ಮಾಡುತ್ತ ಒಳಹೋಗುತ್ತಾರೆ. ಯಾತ್ರಿಕರು ಟಾರ್ಚು, ಮೊಬೈಲುಗಳನ್ನು ಹೊಸ್ತಿಲಲ್ಲಿಯೇ ಆರಿಸತಕ್ಕದ್ದು. ದೇವಿಯ ಬಲಗಡೆಯ ಬಂಡೆಯಲ್ಲಿ, ಕೈಯಿಂದ ತಡವಿದರೆ ಬೆರಳಿಗೆ ಹತ್ತುವ ಹಳೆಯ ಮಸಿಯು ಆ ನಂದಾದೀಪದ್ದೆಂದು ಹೇಳುತ್ತಾರೆ.

ಚಂದವ್ವೆಯು ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡಳು. ಈಗಿನ ಅರ್ಚಕರು ಆಕೆಯ ಸಂತತಿಯವರು. ಗರ್ಭಗುಹೆಯಲ್ಲಿ ಮತ್ತೆ ಯಾರೂ ದೀಪ ಹಚ್ಚಲಿಲ್ಲ.